ಅತ್ತೆಯ ಉಪ್ಪು

ಸ್ಟ್ರುಮಿತ್ಸಾದ ತಗ್ಗಿನಲ್ಲಿ ನನ್ನದು ಪ್ಲಾಸ್ಟಿಕ್ ಮನೆ,
ಅತ್ತೆ ಸ್ಟೊಯ್ನಾಳದು ಬೇಲಿಯಾಚೆಯ ಬಯಲು.

ನನ್ನ ದೊಣ್ಣೆಮೆಣಸು ದಾರ ಹಿಡಿದು
ನನ್ನ ತಲೆ ಮೀರಿ ಏರುತ್ತದೆ.
ಹನಿ ಲೆಕ್ಕದ ನೀರು,
ರಟ್ಟಿನ ಪೆಟ್ಟಿಗೆಯಲ್ಲಿ ಕೊರಿಯರ್ ಬಂದ ದುಂಬಿಗಳು.

ಅವಳದು ಮೊಣಕಾಲೆತ್ತರ;
ಎಲೆ ಸರಿದ ಕಡೆ ಬಿಸಿಲು ಕಚ್ಚಿ
ಕಾಯಿಯ ಕೆನ್ನೆಗೆ ಬಿಳಿ ಕಲೆ.
"ನಿನ್ನವು ಗಾಳಿ ಕಾಣದ ಕೂಸುಗಳು" ಎನ್ನುತ್ತಾಳೆ.
ಮೇ ತಿಂಗಳ ಮಾರುಕಟ್ಟೆ ಚೀಟಿ ತೋರಿಸುತ್ತೇನೆ.
ಆಗ ಅವಳಿಗೆ ಕನ್ನಡಕ ಸಿಗುವುದಿಲ್ಲ.

ಜುಲೈನ ಆ ರಾತ್ರಿ ಬೆಲಸಿತ್ಸಾ ಬೆಟ್ಟದ ಕಡೆಯಿಂದ
ಆಲಿಕಲ್ಲು ಬಂದಾಗ
ನೈಟಿಯಲ್ಲೇ ಓಡಿದವಳು
ತನ್ನ ಸಾಲುಗಳನ್ನು ದಾಟಿ, ತುಳಿದೇ ದಾಟಿ,
ಹಾರುತ್ತಿದ್ದ ನನ್ನ ಹಾಳೆಯ ಅಂಚಿನ ಮೇಲೆ
ಮೈಭಾರವೆಲ್ಲ ಹಾಕಿ ಕೂತಳು.

ಬೆಳಗ್ಗೆ ಅವಳ ಮುರಿದ ಗಿಡ ಎಣಿಸಹೋದರೆ
"ಬಿಡೇ, ಚಿಗುರುತ್ತವೆ."
ಅರ್ಧದಷ್ಟು ಚಿಗುರಿದವು.

ಸೆಪ್ಟೆಂಬರ್. ಅಂಗಳದ ತಗಡಿನ ಒಲೆಯ ಮೇಲೆ
ಎರಡನ್ನೂ ಬೆರೆಸಿ ಸುಡುತ್ತೇವೆ.
ಕಪ್ಪು ಸಿಪ್ಪೆ ಸುಲಿದ ಮೇಲೆ
ಯಾವುದು ಯಾರದೆಂದು ನನಗೆ ತಿಳಿಯದು.
ಅವಳಿಗೆ ಗೊತ್ತು.
ಮೂಸಿ, ತನ್ನದನ್ನು ನನ್ನ ತಟ್ಟೆಗೆ ಹಾಕಿ,
ನನ್ನದಕ್ಕೆ ಉಪ್ಪು ಉದುರಿಸಿಕೊಂಡು ತಿನ್ನುತ್ತಾಳೆ,
ತುಸು ಜಾಸ್ತಿಯೇ.