ಸೂಜಿತೂತಿನ ಹಾಳೆ

ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ
ಹೊಸೂರಿನ ಗಾಳಿಗೆ ನಾನು ಹಾಸು ಬದಲಿಸುತ್ತೇನೆ,
ಆಸ್ಪತ್ರೆಯ ಆಯಾ ಬದಲಿಸುವ ಹಾಗೆ.
ಸಿಪ್ಕಾಟಿನ ಅಂಚಿಗೆ ಶಾಲೆ, ಶಾಲೆಯ ತಾರಸಿ,
ತಾರಸಿಯ ಮೇಲೆ ತಗಡಿನ ಗೂಡಿನಂಥ ಯಂತ್ರ.
ಒಳಗೆ ಗುಂಯ್ಗುಡುವ ಮೋಟಾರು
ಊರಿನ ಪರವಾಗಿ ಉಸಿರೆಳೆದುಕೊಳ್ಳುತ್ತದೆ;
ಎಳೆಯುವ ಸದ್ದೇ ಎಲ್ಲ, ಬಿಡುವ ಸದ್ದು ಕೇಳಿಲ್ಲ.
ಚಿಮಟದಲ್ಲಿ ಬಿಳಿ ಹಾಳೆ ಇಟ್ಟು
ನಾಲ್ಕು ತಿರುಪು ಬಿಗಿ ಮಾಡುತ್ತೇನೆ.
ಎಂಟು ಗಂಟೆ ಕಳೆದು ತೆಗೆದರೆ
ರಾಗಿ ಹಿಟ್ಟಿನ ಬಣ್ಣ. ಕೆಲವು ದಿನ ಕಾಡಿಗೆಯದು.

ಬರಿಗೈಯಲ್ಲಿ ಮುಟ್ಟಬಾರದು; ಬೆರಳ ಬೆವರಿಗೂ ತೂಕವಂತೆ.
ಗುಲಾಬಿ ಶೆಡ್ಡಿನಲ್ಲಿ ಆರು ವರ್ಷ ಮುಳ್ಳು ಸವರಿದ ಬೆರಳಿವು.
ಔಷಧಿ ಹೊಡೆದ ದಿನ ಕೈಗವಸು ಕೇಳಿದರೆ
ಅಲ್ಲಿ ನಗುತ್ತಿದ್ದರು.
ಇಲ್ಲಿ ಕೇಳದೆಯೇ ಕೊಟ್ಟರು,
ಕಾಗದಕ್ಕೆ ನಾನು ಸೋಕದಿರಲೆಂದು.

ಗಾಜಿನ ಡಬ್ಬಿಯಲ್ಲಿ ಹಾಳೆ ಒಂದು ದಿನ ಒಣಗಬೇಕು.
ತಳದ ನೀಲಿ ಹರಳು ತೇವ ಕುಡಿದು ಕುಡಿದು
ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅದನ್ನು ಕಂಡಾಗೆಲ್ಲ
ಆ ಶೆಡ್ಡಿನ ವಾಸನೆ ಮೂಗಿಗೆ ಬರುತ್ತದೆ.
ಆಮೇಲೆ ತೂಕ. ಮೊದಲಿನದು ಕಳೆದರೆ ಉಳಿದದ್ದು ಗಾಳಿ.
ಅಲ್ಲ, ಗಾಳಿಯಲ್ಲದ್ದು.
ಅರಿವಳಗನ್ ಸಾರ್ ಅಂಕಿ ನೋಡಿ ‘ಪರವಾಯಿಲ್ಲೈ’ ಅನ್ನುತ್ತಾರೆ.
ನನ್ನ ಕಿವಿಗೆ ‘ಪರವಾಗಿಲ್ಲ’.
ಆ ಮಾತೊಂದಕ್ಕೆ ಗಡಿಯಲ್ಲಿ ಚೆಕ್‌ಪೋಸ್ಟಿಲ್ಲ.

ಯಂತ್ರ ಇರುವುದು ತಾರಸಿಯ ಎತ್ತರದಲ್ಲಿ.
ನಾವಿರುವುದು ತಗ್ಗಿನಲ್ಲಿ, ಫೌಂಡ್ರಿಯ ಹಿಂಗೋಡೆಗೆ ಬೆನ್ನು ಕೊಟ್ಟು.
ರಾತ್ರಿ ಎರಡೂವರೆಗೆ ಅಲ್ಲಿ ಏನನ್ನೋ ಬಿಚ್ಚುತ್ತಾರೆ;
ನಾಲಿಗೆಗೆ ಹಳೇ ಕಾಸು ಚೀಪಿದ ರುಚಿ.
ದೊಡ್ಡತಾಯಮ್ಮ ಎದ್ದು ಕಿಟಕಿ ಎಳೆದುಕೊಳ್ಳುವ ಸದ್ದು,
ಆಮೇಲೆ ಅದರಾಚೆಯ ಮನೆ, ಆಮೇಲೆ ಅದರಾಚೆ.
ನಸುಕಿಗೆ ಹಾಕಿದ ರಂಗೋಲಿ ಹತ್ತು ಗಂಟೆಗೆಲ್ಲ
ಕೂದಲು ನೆರೆಯುವುದರ ತಿರುಗುಮುರುಗು.
ನನ್ನ ಪಾವನಿ ಎರಡು ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಾಳೆ,
ಎದೆಯೊಳಗೆ, ಕುಕ್ಕರು ಸೀಟಿಗೆ ಮುಂಚೆ ಮಾಡುವ ಸದ್ದು.

ಹೊಸ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡುವುದೂ ನನ್ನ ಕೆಲಸ.
ಸೂಜಿಮೊನೆಯಷ್ಟು ತೂತಿದ್ದರೂ ತಿಪ್ಪೆಗೆ.
ಅಂಥದೊಂದನ್ನು ಯುಗಾದಿಯ ಮಾರನೆ ದಿನ
ಸೆರಗಿನೊಳಗೆ ತಂದೆ. ತೂಗಿಯೇ ತಂದೆ.
ಅವಳು ಮಲಗುವ ಕಡೆ, ಕಿಟಕಿಯ ಹಲಗೆಯ ಮೇಲೆ
ಸ್ಟೀಲು ತಟ್ಟೆಯಲ್ಲಿ ಹಾಸಿ ಮೂವತ್ತು ದಿನ ಬಿಟ್ಟೆ.
‘ಯಾರಿಗಮ್ಮ ಎಡೆ?’ ಅಂದಳು.
ತಟ್ಟೆ ಮುಟ್ಟಬೇಡ ಅಂದೆ, ಅಷ್ಟೇ.

ಅಷ್ಟರಲ್ಲಿ ಕಚೇರಿಯ ತಕ್ಕಡಿಗೆ ಬೀಗ ಬಂದಿತ್ತು.
ನನಗೆ ಗೊತ್ತಿದ್ದ ಇನ್ನೊಂದು ತಕ್ಕಡಿ ಗಿರವಿ ಅಂಗಡಿಯದು,
ನೆಬ್ಯುಲೈಸರಿಗೆಂದು ನನ್ನ ಓಲೆ ಕೂತದ್ದು ಅದರ ಮೇಲೇ.
ಘೇವರಚಂದ್ ಕನ್ನಡಕ ಏರಿಸಿ ಹಾಳೆ ನೋಡಿದ.
‘ಇದರ ಮೇಲೆ ಸಾಲ ಕೊಡಕ್ಕಾಗಲ್ಲಮ್ಮ.’
‘ಸಾಲ ಬೇಡ. ತೂಕ ಹೇಳಿ.’
ಫ್ಯಾನು ಆರಿಸಿದ. ಚಿನ್ನಕ್ಕೆ ಮಾಡುವ ಹಾಗೆಯೇ
ಗಾಜಿನ ಬಾಗಿಲು ಮುಚ್ಚಿ ಉಸಿರು ಬಿಗಿಹಿಡಿದ.
ನಾನೂ ಬಿಗಿಹಿಡಿದೆ.
ಹೊರಗೆ ನಿಂತ ಲಾರಿ ಮಾತ್ರ ಬಿಡುತ್ತಿತ್ತು.

ಮುನ್ನೂರ ಹನ್ನೆರಡು ಮಿಲಿಗ್ರಾಂ, ಮೊದಲಿನದು ಕಳೆದು.
‘ಇಷ್ಟರಲ್ಲಿ ಒಂದು ಮೂಗುಬೊಟ್ಟು ಆಗುತ್ತೆ’ ಅಂದ,
ನಗಲು ಹೋದವನು ಕೆಮ್ಮಿದ.
ಚೀಟಿ ಬರೆದು ಸೀಲು ಒತ್ತಿಕೊಟ್ಟ.
‘ಒಡವೆಯ ಹೆಸರು’ ಅನ್ನುವ ಜಾಗ ಖಾಲಿ ಬಿಟ್ಟಿದ್ದ.

ಈಗ ಅದು ಕ್ಯಾಲೆಂಡರಿನಲ್ಲಿದೆ, ಹಾಲಿನ ಲೆಕ್ಕದ ಪಕ್ಕ.
ಯಾವ ಕೋಷ್ಟಕಕ್ಕೂ ಸೇರುವುದಲ್ಲ, ನನಗೆ ಗೊತ್ತು:
ಮೋಟಾರಿಲ್ಲ, ಗಂಟೆಯ ಲೆಕ್ಕವಿಲ್ಲ, ಹಾಳೆಗೆ ತೂತು ಬೇರೆ.
ನಿನ್ನೆ ದೊಡ್ಡತಾಯಮ್ಮ ಬಂದು ಚೀಟಿಯನ್ನೇ ನೋಡುತ್ತ ನಿಂತು
‘ನನ್ನ ಕಿಟಕಿಗೊಂದು ಸಿಗುತ್ತಾ?’ ಅಂದಳು.

ಇವತ್ತು ಬೆಳಕಿಗೆ ಹಿಡಿದ ಹಾಳೆಗಳು
ಹತ್ತಕ್ಕೆ ಹತ್ತೂ ಚೆನ್ನಾಗಿದ್ದವು.
ಸೆರಗಿನ ಪಿನ್ನು ತೆಗೆದೆ.