ಮೂರನೇ ಪ್ರತಿ

ಚಿತ್ತಾಪುರ ಕೋರ್ಟಿನಾಗ ಟೈಪಿಸ್ಟು ನಾನು.
ಮೂರು ಹಾಳಿ, ಎರಡು ಕಾರ್ಬನ್ನು,
ಮ್ಯಾಲ ಸಾಹೇಬರು ಹೇಳಿ ಬರೆಸಿದ ದೋಷಾರೋಪ.
'ರೆಕ್‌ಲೆಸ್' ಅಂಬೋ ಮಾತಿನ ಮುಂದ
ಕೈತಪ್ಪಿ ಒಂದು ಡಬ್ಲ್ಯೂ ಕುಟ್ಟಿಬಿಟ್ಟೆ.

ಗೌಸುದ್ದೀನ್ ವಕೀಲರು ಚಾಳೀಸು ಹಣಿಗೇರಿಸಿ ನಕ್ಕರು:
"ಇಂದುಬಾಯಿ, ಈ ಡಬ್ಲ್ಯೂ ಇಟ್ಟರ
ಹಡಗು ಒಡೀಲಾರದವ ಅಂತಾಗ್ತದ.
ನನ್ನ ಹುಡುಗ ಇಲ್ಲೇ ಖುಲಾಸೆ!
ಕಾಗಿಣಾ ಹೊಳಿಗೆ ಯಾವ ಹಡಗು ಬಂದಿತ್ತು?"

ಆಮ್ಯಾಲ ಎಲಿಗೆ ಸುಣ್ಣ ಸವರಿಕೋತ ಹೇಳಿದರು:
ರೆಕ್ ಅಂದ್ರ ಒಂದು ಕಾಲಕ್ಕ ಕಾಳಜಿ.
ಮಂದಿ ಅದನ್ನ ಆಡೋದೇ ಬಿಟ್ಟರು.
ಈಗ 'ಇಲ್ಲ' ಅನ್ನಲಿಕ್ಕೆ ಮಾತ್ರ ಉಳದದ,
ಮನಿ ಬಿದ್ದಮ್ಯಾಲ
ಒಂಟಿ ಗ್ವಾಡಿಯಾಗಿನ ಅಂಗಿಗೂಟದಂಗ.

"ನಮ್ಮಲ್ಲಿ ಹಂಗಿಲ್ಲ ನೋಡ್ರಿ," ಅಂದೆ,
"ನಿಷ್ಕಾಳಜಿ ಅದ, ಕಾಳಜೀನೂ ಅದ."
"ಬೇಫಿಕರ್ ಅದ," ಅಂದರವರು, ಎಲಿ ಮಡಚಿ,
"ಫಿಕರ್ ಅಂತೂ ಮನಿತುಂಬ."

ಕಟಕಟೆಯಾಗ ಮೈಲಾರಿ. ವಯಸ್ಸು ಇಪ್ಪತ್ತೆರಡು.
ಶಹಾಬಾದದಿಂದ ಫರಸಿ ಹೇರಿಕೊಂಡು ಬಂದ ಲಾರಿ,
ರಾವೂರ ಹತ್ತಿರದ ತಿರುವು,
ಕ್ಲೀನರ್ ಲಾಡ್ಲೇಸಾಬನ ಎಡಗಾಲು.

"ನಿಷ್ಕಾಳಜಿಯಿಂದ ನಡೆಸಿದ್ದು ಒಪ್ಪುತ್ತೀಯೇನು?"
ಅವ ಅಂಗೈ ನೋಡಿಕೊಂಡ.
ಅಲ್ಲಿ ಏನೋ ಬರದದ ಅನ್ನೋ ಹಂಗ
ಭಾಳ ಹೊತ್ತು ನೋಡಿಕೊಂಡ.

"ಕಾಳಜಿ ಇತ್ರಿ.
ಒಂದು ಕಲ್ಲು ಒಡದ್ರ ಪಗಾರದಾಗ ಮುರೀತಾರ.
ಕನ್ನಡಿಯಾಗ ಕಲ್ಲೇ ನೋಡಕೋತ ಹೊಂಟಿದ್ದೆ."

ಫ್ಯಾನು ತಿರಗತಿತ್ತು.
ಸಾಹೇಬರ ಪೆನ್ನು ನಿಂತಿತ್ತು.
ಪಂಚನಾಮೆ ನಾನೂ ಓದೀನಿ:
ಹೇರಿದ ಫರಸಿ ನೂರಾ ನಲವತ್ತು,
ಒಡೆದದ್ದು, ಇಲ್ಲ.

ಒಪ್ಪಿಲ್ಲ ಅಂತ ಬರಕೊಂಡರು. ತಾರೀಖು ಕೊಟ್ಟರು.

ಮಂದಿ ಹೋದಮ್ಯಾಲ ಡಬ್ಲ್ಯೂ ತಿದ್ದಲಿಕ್ಕೆ ಕುಂತೆ.
ಮೊದಲನೇ ಹಾಳ್ಯಾಗ ಬ್ಲೇಡಿನ ತುದಿಯಿಂದ ಕೆರೆದೆ,
ಎರಡನೇದರಾಗ ರಬ್ಬರು ಉಜ್ಜಿದೆ.
ಮೂರನೇದು ಈರುಳ್ಳಿ ಸಿಪ್ಪಿಯಂಥ ತೆಳು ಹಾಳಿ,
ಕಾರ್ಬನ್ನಿನ ನೀಲಿ ಒಳಗಿಳಿದಿತ್ತು.

ಹರದೀತು ಅಂತ ಕಾಳಜಿಲೇ ಬಿಟ್ಟೆ.
ಆರೋಪಿಗೆ ಕೊಡೋ ಪ್ರತಿ ಅದು.
ಹಡಗು ಒಡೀಲಾರದವ ಅಂತ ಬರೆದ ಹಾಳಿ
ನಾಕು ಮಡಿಕಿ ಮಾಡಿ ಜೇಬಿನಾಗಿಟ್ಟುಕೊಂಡು
ಮೈಲಾರಿ ವಾಡಿ ಬಸ್ಸು ಹತ್ತಿದ.