ಬಿಲ್ ನಂಬರ್ ೧೧೭

ವಿರಾಜಪೇಟೆ ಗಡಿಯಾರ ಕಂಬದಿಂದ
ಇಳಿಜಾರಿನಲ್ಲಿ ಎಡಕ್ಕೆ ಆರನೇ ಬಾಗಿಲು.
ಬೋರ್ಡಿನಲ್ಲಿ 'ಕೋವಿ ರಿಪೇರಿ' ಎಂದಿತ್ತು,
'ಕೋ' ಅಳಿಸಿ ಎರಡು ವರ್ಷ.
ಗೊತ್ತಿದ್ದವರಿಗೆ ಬೋರ್ಡು ಬೇಕಿಲ್ಲ.

ಚೋಂದಮ್ಮನಿಗೆ ಗೊತ್ತಿರಲಿಲ್ಲ, ಕೇಳಿಕೊಂಡು ಬಂದಳು.
ಒಂಬತ್ತನೇ ಕ್ಲಾಸು, ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ.
ಬಿಚ್ಚಿದರೆ ಮೂವತ್ತೊಂದು ತುಂಡು,
ಹಾಲುಹಲ್ಲಿನ ಬಣ್ಣ, ರೆಸಿನ್ನಿನ ಘಾಟು.
ಯಾವುದೋ ನಕ್ಷತ್ರದ ಗಡಿ ಕಾಯುವವರು
ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲಂತೆ.
ಹುತ್ತರಿಗೆ ಅಜ್ಜಿ ಕೊಟ್ಟ ದುಡ್ಡು ಪೂರ್ತಿ ಇದಕ್ಕೇ.
ಜೊತೆಗೊಂದು ಹಾಳೆ, ಅಕ್ಷರವಿಲ್ಲ, ಬರೀ ಬಾಣಗಳು;
ಹದಿನೇಳನೇ ತುಂಡಿನ ಬಾಣ ಎಲ್ಲಿಗೂ ಹೋಗುವುದಿಲ್ಲ.
"ಎರಡು ಹೋಳು ಕೂಡ್ತಾ ಇಲ್ಲ ಅಂಕಲ್, ನಡುವೆ ಸಂದು."

ತಿರುಗಿಸಿ ನೋಡಿದೆ. ನಳಿಗೆಯಲ್ಲಿ ತೂತಿಲ್ಲ.
"ಗುಂಡು ಎಲ್ಲಿಂದ ಹೋಗುತ್ತೆ?"
"ಗುಂಡಲ್ಲ, ಬೆಳಕು."
"ಕುದುರೆ ಯಾಕೆ ಹಾಗಾದರೆ?"
ಯೋಚಿಸಿದಳು. "ಒತ್ತೋಕೆ ಏನಾದರೂ ಬೇಕಲ್ಲ."
ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ.
ಪುಟ್ಟಿ ಡಬ್ಬ ತೆಗೆದೆ.

ಸೋಪಿನ ನೀರಲ್ಲಿ ತೊಳೆದೆವು, ಅಚ್ಚಿನ ಎಣ್ಣೆ ಹೋಗಲೆಂದು.
ಅಂಚಿನ ಪೊರೆ ಬ್ಲೇಡಿನಲ್ಲಿ ಹೆರೆದೆವು.
ನಾನೂರರ ಉಪ್ಪುಕಾಗದ, ಆಮೇಲೆ ಎಂಟುನೂರರದ್ದು.
ಕಣ್ಣು ಸುಳ್ಳು ಹೇಳುತ್ತೆ, ಉಗುರನ್ನು ಕೇಳು ಎಂದೆ.
ಕಣ್ಣು ಮುಚ್ಚಿ ಉಗುರೆಳೆದಳು,
ಸಂದು ಸಿಗದಾಗುವವರೆಗೆ.

ಪ್ರೈಮರ್ ಹೊಡೆದ ದಿನವೇ ಮಂಜು.
ಬಣ್ಣ ಬಿಳಿಚಿಕೊಂಡಿತು, ಬೂಷ್ಟಿನ ಹಾಗೆ.
ಮತ್ತೆ ಉಜ್ಜಿ, ಮತ್ತೆ ಹೊಡೆದು,
ಕೆಟ್ಟ ಫ್ರಿಜ್ಜಿನೊಳಗೆ ಅರವತ್ತರ ಬಲ್ಬು ಹಾಕಿ
ಕೋಳಿಮರಿಯಂತೆ ಕಾವಿಗಿಟ್ಟೆವು.

ಬೆಳ್ಳಿ ಒಂದು ಕೈ. ಒಣಗಿದ ಮೇಲೆ ನೀರು ಚಿಮುಕಿಸಿ
ಅಲ್ಲಲ್ಲಿ ಕಲ್ಲುಪ್ಪು, ಉಪ್ಪಿನ ಮೇಲೆ ಕಪ್ಪು.
ಉಪ್ಪು ಕೆಡವಿದಲ್ಲೆಲ್ಲ ಬೆಳ್ಳಿ ಇಣುಕಿ
ಎಷ್ಟೋ ವರ್ಷ ಒರೆಯಲ್ಲಿ ಸವೆದ ಹಾಗೆ.
"ನಿಜವಾಗಿ ಎಲ್ಲಿ ಸವೆಯುತ್ತೆ?"
ಅದು ನನಗೆ ಗೊತ್ತು.
ಹೆಬ್ಬೆರಳು ಕೂರುವಲ್ಲಿ. ಒರೆಯ ಬಾಯಿ ತಾಗುವಲ್ಲಿ.
ನಳಿಗೆಯ ತುದಿ, ಎಡಗಡೆ, ಮಾಚಯ್ಯನವರ ಜೋಡಿನಳಿಗೆಯ ಹಾಗೆ;
ಅವರು ಅದನ್ನು ಬಾಗಿಲಿಗೆ ಒರಗಿಸುವುದು ಯಾವಾಗಲೂ ಎಡಕ್ಕೆ.

ಆಮೇಲೆ ಅವಳು ತುಕ್ಕು ಬೇಕೆಂದಳು.

ನಾನು ಕುಂಚ ಕೆಳಗಿಟ್ಟೆ.
ಅಪ್ಪನ ಕಾಲದಿಂದ ಈ ಬೆಂಚಿನಲ್ಲಿ
ತುಕ್ಕು ತೆಗೆದದ್ದಷ್ಟೇ. ಸೀಮೆಎಣ್ಣೆ, ಹಿತ್ತಾಳೆ ಬ್ರಷ್ಷು,
ಕೈಲ್ ಪೊಳ್ದಿನ ಹಿಂದಿನ ವಾರ ನಿದ್ದೆಯಿಲ್ಲ,
ಮನೆಮನೆಯ ಕೋವಿ ಸಾಲುಗಟ್ಟಿ,
ತೋಕ್ ಪೂ ಸಿಕ್ಕಿಸುವ ಮೊದಲು ಹೊಳೆಯಬೇಕು.
ಒಂದು ಚುಕ್ಕೆ ಉಳಿದರೂ ವಾಪಸು ತರುತ್ತಾರೆ.

"ಸ್ವಲ್ಪ ಅಂಕಲ್. ಇದು ತುಂಬಾ ದೂರ ಹೋಗಿ ಬಂದಿದೆ."

ಕಿತ್ತಳೆ ಬಣ್ಣಕ್ಕೆ ಚಿಟಿಕೆ ಕಾಫಿಪುಡಿ,
ರೋಬಸ್ಟಾ, ಚಿಕೋರಿ ಇಲ್ಲದ್ದು.
ಸ್ಕ್ರೂ ತಲೆಯ ಸುತ್ತ, ಕುದುರೆಯ ಬುಡದಲ್ಲಿ,
ನೀರು ನಿಲ್ಲುವ ಕಡೆ ಮಾತ್ರ ಇಟ್ಟೆ.
ಕೈ ನಡುಗಿತು ಎಂದು ಬರೆದರೆ ಸುಳ್ಳು.
ಖುಷಿಯಾಯಿತು, ಕದ್ದು ಬೆಲ್ಲ ತಿಂದ ಹಾಗೆ.

ಹೆಡ್ ಕಾನ್‌ಸ್ಟೇಬಲ್ ಬೆಳ್ಯಪ್ಪ ರಿಜಿಸ್ಟರ್ ನೋಡಲು ಬಂದವರು
ಬೆಂಚಿನ ಮೇಲಿನದನ್ನು ಕಂಡು ಕನ್ನಡಕ ಏರಿಸಿದರು.
"ಇದು ಯಾವ ಯುದ್ಧದ್ದು?"
"ಇನ್ನೂ ಆಗಿಲ್ಲ ಸರ್," ಎಂದಳು ಚೋಂದಮ್ಮ.
ಎತ್ತಿ ತೂಗಿ ನೋಡಿದರು. ಗೋಡೆಯತ್ತ ಗುರಿಯಿಟ್ಟರು.
ಬಾಯಲ್ಲಿ ಸಣ್ಣಗೆ ಒಂದು ಸದ್ದು ಮಾಡಿ,
ಯಾರೂ ಕೇಳಲಿಲ್ಲ ಎಂದುಕೊಂಡು ಕೆಳಗಿಟ್ಟರು.

ಹದಿನೇಳು ಕೊನೆಗೂ ಎಲ್ಲೂ ಕೂರಲಿಲ್ಲ,
ನನ್ನ ಸ್ಪ್ರಿಂಗುಗಳ ಡಬ್ಬದಲ್ಲಿದೆ.

ಶನಿವಾರ ಹಳೇ ಪಂಚೆಯ ತುಂಡಲ್ಲಿ ಸುತ್ತಿ ಒಯ್ದಳು.
ದುಡ್ಡು ಬೇಡವೆಂದರೆ ಕೇಳಲಿಲ್ಲ, ಬಿಲ್ಲೂ ಬೇಕಂತೆ.
ಬಿಲ್ ಪುಸ್ತಕದಲ್ಲಿ ಅಚ್ಚಾಗಿರುವುದು ನಾಲ್ಕೇ ಸಾಲು,
ಕೊನೆಯದು 'ತುಕ್ಕು ತೆಗೆದಿದ್ದಕ್ಕೆ'.
'ತೆಗೆದಿದ್ದಕ್ಕೆ' ಮೇಲೆ ಗೀಟೆಳೆದು
ಪಕ್ಕದಲ್ಲಿ 'ಹಾಕಿದ್ದಕ್ಕೆ' ಎಂದು ಬರೆದು
ಸಹಿ ಮಾಡಿದೆ. ನಲವತ್ತು ರೂಪಾಯಿ.